ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೋ, ಹೊರರಾಜ್ಯದ ದುಬಾರಿ ಸೀಟೋ: ಅಮೆರಿಕದ ಕನ್ನಡ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಮಾರ್ಚ್ ಕೊನೆಯ ಹೊತ್ತಿಗೆ ಬಹುತೇಕ ವಿಶ್ವವಿದ್ಯಾಲಯಗಳ ಉತ್ತರ ಬಂದಿರುತ್ತದೆ. ಮೇ 1ರೊಳಗೆ ಒಂದಕ್ಕೆ ಮುಂಗಡ ಕಟ್ಟಿ ಒಪ್ಪಿಗೆ ತಿಳಿಸಬೇಕು. ನಡುವಿನ ನಾಲ್ಕೈದು ವಾರ ಡ್ಯಾಲಸ್, ಅಟ್ಲಾಂಟಾ, ಬೇ ಏರಿಯಾದ ಎಷ್ಟೋ ಕನ್ನಡ ಮನೆಗಳ ಊಟದ ಮೇಜಿನ ಮೇಲೆ ಎರಡು ಪತ್ರಗಳು ಅಕ್ಕಪಕ್ಕ ಬಿದ್ದಿರುತ್ತವೆ. ಒಂದು, ತಾವಿರುವ ರಾಜ್ಯದ ವಿಶ್ವವಿದ್ಯಾಲಯದ್ದು. ಇನ್ನೊಂದು, ಹೆಸರು ದೊಡ್ಡದಾದ, ಖರ್ಚು ಅದಕ್ಕೆ ಎರಡು ಪಟ್ಟಾದ ಹೊರರಾಜ್ಯದ ವಿಶ್ವವಿದ್ಯಾಲಯದ್ದು. ಈ ಎರಡರ ನಡುವೆ ಆರಿಸಿಕೊಳ್ಳುವುದನ್ನು ಹಂತ ಹಂತವಾಗಿ ಹೇಗೆ ಮಾಡಬಹುದು ಎಂಬುದನ್ನು, ಸ್ವತಃ ಎರಡು ಸಲ ಆ ಮೇಜಿನ ಮುಂದೆ ಕುಳಿತು ಎದ್ದವನಾಗಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ನಮ್ಮಲ್ಲಿ ಹೆಚ್ಚಿನವರು ಸಿಇಟಿ ಬರೆದು ಬಂದವರು. ಆ ಲೋಕದಲ್ಲಿ ಕಡಿಮೆ ಶುಲ್ಕದ ಸರ್ಕಾರಿ ಸೀಟು ಜಾಣರಿಗೆ, ದುಬಾರಿಯ ಮ್ಯಾನೇಜ್‌ಮೆಂಟ್ ಸೀಟು ರ‍್ಯಾಂಕ್ ಸಾಲದವರಿಗೆ. ಅಮೆರಿಕಕ್ಕೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಗಿ, ಮಿಷಿಗನ್ ವಿಶ್ವವಿದ್ಯಾಲಯದಂಥ ಕಡೆ ಹೊರರಾಜ್ಯದವರಿಗೆ ಪ್ರವೇಶ ಕಷ್ಟವೂ ಹೌದು, ಶುಲ್ಕ ಹೆಚ್ಚೂ ಹೌದು ಎಂದಾಗ, ದುಬಾರಿ ಸೀಟೇ ಗೌರವದ ಸೀಟು ಎಂಬ ಭಾವನೆ ಮನೆಯಲ್ಲಿ ಬೇರೂರುತ್ತದೆ. ವಾಸ್ತವದಲ್ಲಿ ಶುಲ್ಕದ ವ್ಯತ್ಯಾಸಕ್ಕೂ ಮಗುವಿನ ಯೋಗ್ಯತೆಗೂ ಸಂಬಂಧವಿಲ್ಲ. ರಾಜ್ಯದ ತೆರಿಗೆ ಹಣದಿಂದ ನಡೆಯುವ ಸಂಸ್ಥೆ ಆ ರಾಜ್ಯದ ನಿವಾಸಿಗಳಿಗೆ ರಿಯಾಯಿತಿ ಕೊಡುತ್ತದೆ, ಉಳಿದವರಿಂದ ಪೂರ್ತಿ ಬೆಲೆ ವಸೂಲು ಮಾಡುತ್ತದೆ, ಅಷ್ಟೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ 2025ರಲ್ಲಿ ಹೊಸದಾಗಿ ಸೇರಿದ ಹೊರರಾಜ್ಯದ ವಿದ್ಯಾರ್ಥಿ, ಸ್ಥಳೀಯನು ಕಟ್ಟುವ ಎಲ್ಲ ಶುಲ್ಕದ ಮೇಲೆ ವರ್ಷಕ್ಕೆ 37,602 ಡಾಲರ್ ಹೆಚ್ಚುವರಿ ಕಟ್ಟುತ್ತಾನೆ. ತರಗತಿ ಅದೇ, ಪ್ರಾಧ್ಯಾಪಕರೂ ಅವರೇ.

ಮೊದಲ ಹೆಜ್ಜೆ: ನೀವು ಯಾವ ರಾಜ್ಯದ ನಿವಾಸಿ ಎಂಬುದನ್ನು ಖಚಿತಪಡಿಸಿಕೊಳ್ಳಿ

ಮನೆ ಇಲ್ಲಿದೆ, ಕೆಲಸ ಇಲ್ಲಿದೆ, ಆದ್ದರಿಂದ ನಿವಾಸಿ ಎಂದು ಊಹಿಸಿಕೊಳ್ಳಬೇಡಿ. ಬಹುತೇಕ ರಾಜ್ಯಗಳು ತರಗತಿ ಆರಂಭಕ್ಕೆ ಮುಂಚಿನ ಪೂರ್ತಿ 12 ತಿಂಗಳು ಅಲ್ಲಿಯೇ ನೆಲೆಸಿದ್ದಕ್ಕೆ ದಾಖಲೆ ಕೇಳುತ್ತವೆ. ತಂದೆಯೋ ತಾಯಿಯೋ ಆ ವರ್ಷವೇ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋಗಿದ್ದರೆ ಮಗು ಎರಡೂ ಕಡೆ ಹೊರಗಿನವನಾಗುವ ಅಪಾಯವಿದೆ. ಹನ್ನೊಂದನೆಯ ತರಗತಿಯ ನಂತರ ಊರು ಬದಲಿಸುವ ಯೋಚನೆ ಇರುವವರು ಈ ಲೆಕ್ಕವನ್ನು ಸಂಬಳದ ಲೆಕ್ಕದ ಜೊತೆಗೇ ಹಾಕಬೇಕು.

ವೀಸಾದ ಮೇಲಿರುವ ಕುಟುಂಬಗಳು ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮವರ ಪಾಲಿಗೆ ಇಡೀ ತೀರ್ಮಾನವನ್ನು ತಿರುಗಿಸಬಲ್ಲ ಸಂಗತಿ ಇದು. ಬೆಂಗಳೂರಿನಲ್ಲಿ ಹುಟ್ಟಿ ಮೂರು ನಾಲ್ಕು ವರ್ಷಕ್ಕೆ ಇಲ್ಲಿಗೆ ಬಂದ, ಕನ್ನಡಕ್ಕಿಂತ ಇಂಗ್ಲಿಷನ್ನೇ ಚೆನ್ನಾಗಿ ಆಡುವ ಎಷ್ಟೋ ಮಕ್ಕಳು ಇಂದಿಗೂ ಎಚ್-4 ವೀಸಾದಲ್ಲಿದ್ದಾರೆ, ಅಂದರೆ ತಂದೆಯ ಅಥವಾ ತಾಯಿಯ ಉದ್ಯೋಗ ವೀಸಾವನ್ನು ಅವಲಂಬಿಸಿದ ವೀಸಾದಲ್ಲಿ. ಕ್ಯಾಲಿಫೋರ್ನಿಯಾ, ಟೆಕ್ಸಸ್ ಮುಂತಾದ ರಾಜ್ಯಗಳಲ್ಲಿ ಎಚ್-4 ಇರುವವರು ನಿವಾಸಿ ಶುಲ್ಕಕ್ಕೆ ಅರ್ಹರಾಗಬಹುದು. ಆದರೆ ಕೇಂದ್ರ ಸರ್ಕಾರದ ನೆರವಾಗಲಿ ಸಾಲವಾಗಲಿ ಅವರಿಗೆ ಸಿಗುವುದಿಲ್ಲ. 21 ತುಂಬಿದ ದಿನ, ಅಂದರೆ ಸಾಮಾನ್ಯವಾಗಿ ಪದವಿಯ ಮೂರನೆಯ ನಾಲ್ಕನೆಯ ವರ್ಷದಲ್ಲಿ, ಗ್ರೀನ್ ಕಾರ್ಡ್ ಬಂದಿರದಿದ್ದರೆ ಅವರು ಎಚ್-4ನಿಂದ ಹೊರಬಿದ್ದು ವಿದ್ಯಾರ್ಥಿ ವೀಸಾವಾದ ಎಫ್-1ಕ್ಕೆ ಬದಲಾಗಬೇಕಾಗುತ್ತದೆ. ಹಾಗೆ ಬದಲಾದ ಮೇಲೆ ನಿವಾಸಿ ಶುಲ್ಕ ಮುಂದುವರಿಯುತ್ತದೆಯೇ? ಇದನ್ನು ಪ್ರವೇಶ ವಿಭಾಗಕ್ಕಲ್ಲ, ರಿಜಿಸ್ಟ್ರಾರ್ ಕಚೇರಿಯಲ್ಲಿ ನಿವಾಸ ನಿರ್ಣಯಿಸುವ ಅಧಿಕಾರಿಗೆ ಇಮೇಲ್ ಮೂಲಕ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ದೂರವಾಣಿಯಲ್ಲಿ ಸಿಗುವ ‘ತೊಂದರೆಯಾಗಲಿಕ್ಕಿಲ್ಲ’ ಎಂಬ ಮಾತು ಮೂರು ವರ್ಷದ ನಂತರ ಯಾರ ನೆನಪಿನಲ್ಲೂ ಇರುವುದಿಲ್ಲ. ಜೊತೆಗೆ, ಎಚ್-4ನಲ್ಲಿರುವ ಮಗು ಸಂಬಳದ ಇಂಟರ್ನ್‌ಷಿಪ್ ಮಾಡುವಂತಿಲ್ಲ. ‘ಬೇಸಿಗೆಯಲ್ಲಿ ದುಡಿದು ಹೊಂದಿಸಿಕೊಳ್ಳುತ್ತಾನೆ’ ಎಂಬ ಸಾಲನ್ನು ನಿಮ್ಮ ಲೆಕ್ಕದಿಂದ ಅಳಿಸಿಬಿಡಿ.

‘ಒಂದು ವರ್ಷ ಅಲ್ಲಿದ್ದರೆ ಎರಡನೆಯ ವರ್ಷದಿಂದ ಅಲ್ಲಿಯ ನಿವಾಸಿಯಾಗಿಬಿಡಬಹುದಂತೆ’ ಎಂಬ ಸಲಹೆ ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬರಿಂದಾದರೂ ಬಂದೇ ಬರುತ್ತದೆ. ಓದಲೆಂದು ಬಂದ ವಿದ್ಯಾರ್ಥಿಗೆ, ಅದರಲ್ಲೂ ತಂದೆತಾಯಿಯ ಹಣದಲ್ಲಿ ಓದುವವನಿಗೆ, ಇದು ಬಹುತೇಕ ಆಗದ ಕೆಲಸ. ಸ್ವಂತ ಸಂಪಾದನೆಯಲ್ಲಿ ಬದುಕುತ್ತಿದ್ದಾನೆ ಎಂದು ಅವನು ತೋರಿಸಬೇಕಾಗುತ್ತದೆ. ಇದನ್ನು ನಂಬಿಕೊಂಡು ಸೀಟು ಒಪ್ಪಿಕೊಳ್ಳಬೇಡಿ.

ಎರಡನೆಯ ಹೆಜ್ಜೆ: ನಾಲ್ಕು ವರ್ಷದ ನಿಜವಾದ ಮೊತ್ತವನ್ನು ಬರೆಯಿರಿ

ಊರಿನಲ್ಲಿ ಟ್ಯೂಷನ್ ಎಂದರೆ ಸಂಜೆಯ ಮನೆಪಾಠ. ಇಲ್ಲಿ ಅದು ಬೋಧನಾ ಶುಲ್ಕ, ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಪ್ರತಿ ವಿಶ್ವವಿದ್ಯಾಲಯವೂ ವಸತಿ, ಊಟ, ಪುಸ್ತಕ, ಪ್ರಯಾಣ ಎಲ್ಲವನ್ನೂ ಸೇರಿಸಿದ ವಾರ್ಷಿಕ ವೆಚ್ಚದ ಅಂದಾಜನ್ನು ಪ್ರಕಟಿಸುತ್ತದೆ. ಲೆಕ್ಕ ಅಲ್ಲಿಂದ ಶುರುವಾಗಬೇಕು. ಇಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಬಿಸಿನೆಸ್ ವಿಭಾಗಗಳಿಗೆ ಹಲವು ಕಡೆ ಪ್ರತ್ಯೇಕ ಹೆಚ್ಚುವರಿ ಶುಲ್ಕವಿರುತ್ತದೆ. ಮಿಷಿಗನ್‌ನಂಥ ಕಡೆ ಮೂರನೆಯ ವರ್ಷದಿಂದ ಬೋಧನಾ ಶುಲ್ಕವೇ ಒಂದು ಮೆಟ್ಟಿಲು ಏರುತ್ತದೆ. ಆದ್ದರಿಂದ ನಿಮ್ಮ ಮಗುವಿನ ವಿಭಾಗದ ದರವನ್ನೇ ಹುಡುಕಿ ತೆಗೆಯಿರಿ.

ಒಂದು ಕಾಲ್ಪನಿಕ ಕುಟುಂಬದ ಉದಾಹರಣೆ ನೋಡೋಣ. ತಮ್ಮ ರಾಜ್ಯದಲ್ಲಿ ವರ್ಷದ ಒಟ್ಟು ಖರ್ಚು 32,000 ಡಾಲರ್. ಹೊರರಾಜ್ಯದಲ್ಲಿ 66,000 ಡಾಲರ್, ಅದರಲ್ಲಿ ವರ್ಷಕ್ಕೆ 12,000 ಡಾಲರ್ ವಿದ್ಯಾರ್ಥಿವೇತನ. ಮೇಲ್ನೋಟಕ್ಕೆ ವರ್ಷಕ್ಕೆ 22,000, ನಾಲ್ಕು ವರ್ಷಕ್ಕೆ 88,000 ಡಾಲರ್ ವ್ಯತ್ಯಾಸ. ಈಗ ಎರಡೂ ಕಡೆ ವರ್ಷಕ್ಕೆ ಶೇ. 4ರಷ್ಟು ಏರಿಕೆ ಹಾಕಿ. ತಮ್ಮ ರಾಜ್ಯದ ನಾಲ್ಕು ವರ್ಷದ ಮೊತ್ತ ಸುಮಾರು 1,35,900 ಡಾಲರ್. ಹೊರರಾಜ್ಯದಲ್ಲಿ ಖರ್ಚು ಏರುತ್ತದೆ, ಆದರೆ ವಿದ್ಯಾರ್ಥಿವೇತನ 12,000ದಲ್ಲೇ ನಿಲ್ಲುತ್ತದೆ. ಹೀಗಾಗಿ ಮೊದಲ ವರ್ಷ 54,000 ಇದ್ದ ಹೊರೆ ನಾಲ್ಕನೆಯ ವರ್ಷಕ್ಕೆ ಸುಮಾರು 62,200 ಆಗಿ, ಒಟ್ಟು ಸುಮಾರು 2,32,300 ಡಾಲರ್ ತಲುಪುತ್ತದೆ. ವ್ಯತ್ಯಾಸ 88,000 ಅಲ್ಲ, 96,000ಕ್ಕೂ ಮೇಲೆ. ಏರಿಕೆಯ ದರ ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನೂ ಗಮನಿಸಿ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ 2013ರಿಂದ ಬೋಧನಾ ಶುಲ್ಕವನ್ನು ಏರಿಸದೆ ಹಿಡಿದಿದೆ: ಸ್ಥಳೀಯರಿಗೆ ಸುಮಾರು 10,000, ಹೊರರಾಜ್ಯದವರಿಗೆ ಸುಮಾರು 29,000 ಡಾಲರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2022ರಿಂದ ಈಚೆಗೆ ಸೇರಿದವರಿಗೆ, ಸೇರಿದ ವರ್ಷದ ಬೋಧನಾ ಶುಲ್ಕವೇ ಆರು ವರ್ಷದವರೆಗೆ ಸ್ಥಿರ. ಇಂಥ ಕಡೆ ಮೇಲಿನ ಲೆಕ್ಕದ ಏರಿಕೆಯನ್ನು ವಸತಿ ಮತ್ತು ಊಟಕ್ಕೆ ಮಾತ್ರ ಹಾಕಬೇಕು.

ಅಂದಾಜು ಪಟ್ಟಿಯಲ್ಲಿ ಸರಿಯಾಗಿ ಕಾಣದ ಖರ್ಚುಗಳೂ ಇವೆ. ಥ್ಯಾಂಕ್ಸ್‌ಗಿವಿಂಗ್ ಮತ್ತು ಡಿಸೆಂಬರ್ ರಜೆಯ ವಿಮಾನದ ದರ ಎಂಥದ್ದು ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಾಸ್ಟೆಲ್ ಖಾಲಿ ಮಾಡಿದಾಗ ಸಾಮಾನು ಇಡಲು ಬಾಡಿಗೆ ಬೇಕು. ಹೆಚ್ಚಿನವರು ಮರೆಯುವುದು ಆರೋಗ್ಯ ವಿಮೆಯನ್ನು. ನಿಮ್ಮದು ಒಂದು ಪ್ರದೇಶಕ್ಕೆ ಸೀಮಿತವಾದ ಎಚ್‌ಎಂಒ ಯೋಜನೆಯಾಗಿದ್ದರೆ, ಸಾವಿರ ಮೈಲಿ ದೂರದಲ್ಲಿರುವ ಮಗುವಿಗೆ ಅದು ತುರ್ತು ಚಿಕಿತ್ಸೆಗಷ್ಟೇ ಒದಗೀತು. ಆಗ ವಿಶ್ವವಿದ್ಯಾಲಯದ ವಿಮೆಯನ್ನೇ ಕೊಳ್ಳಬೇಕಾಗಿ ಬಂದು ವರ್ಷಕ್ಕೆ ಕೆಲವು ಸಾವಿರ ಡಾಲರ್ ಸೇರಿಕೊಳ್ಳುತ್ತದೆ.

ಮೂರನೆಯ ಹೆಜ್ಜೆ: ವಿದ್ಯಾರ್ಥಿವೇತನದ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ

ನಮ್ಮ ದೊಡ್ಡ ಮಗಳ ಸರದಿಯಲ್ಲಿ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಿಂದ ದಪ್ಪ ಕಾಗದದ, ಚಿನ್ನದ ಮುದ್ರೆಯ ಪತ್ರ ಬಂತು. ಅಧ್ಯಕ್ಷರ ಹೆಸರಿನ ವಿದ್ಯಾರ್ಥಿವೇತನ, 14,000 ಡಾಲರ್. ಅದನ್ನು ಫೋಟೊ ತೆಗೆದು ಮೈಸೂರಿನ ಅಜ್ಜಿಗೂ ಕಳುಹಿಸಿದ್ದಾಯಿತು. ನಾನು ಅದನ್ನು ನಾಲ್ಕರಿಂದ ಗುಣಿಸಿ ಒಂದು ವಾರ ನೆಮ್ಮದಿಯಾಗಿದ್ದೆ. ಆಮೇಲೆ ಒಂದು ರಾತ್ರಿ ಮಗಳೇ ಎರಡನೆಯ ಪುಟದ ಕೆಳಗಿನ ಸಣ್ಣ ಅಕ್ಷರವನ್ನು ಓದಿ ಹೇಳಿದಳು: ಆ 14,000ದಲ್ಲಿ 6,000 ಮೊದಲ ವರ್ಷಕ್ಕೆ ಮಾತ್ರ, ಮತ್ತು ಕ್ಯಾಂಪಸ್ಸಿನ ಹಾಸ್ಟೆಲ್ಲಿನಲ್ಲೇ ಇದ್ದರೆ ಮಾತ್ರ. ನನ್ನ ಲೆಕ್ಕದಲ್ಲಿ 18,000 ಡಾಲರ್ ಒಂದೇ ನಿಮಿಷದಲ್ಲಿ ಆವಿಯಾಯಿತು.

ಹೀಗಾಗಿ ಪ್ರತಿ ಪತ್ರಕ್ಕೂ ಇವನ್ನು ಕೇಳಿ: ಎಷ್ಟು ಸೆಮಿಸ್ಟರ್‌ಗಳಿಗೆ? ಉಳಿಸಿಕೊಳ್ಳಲು ಎಷ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಬೇಕು? ಒಂದು ಸೆಮಿಸ್ಟರ್ ಜಾರಿದರೆ ಸರಿಪಡಿಸಿಕೊಳ್ಳಲು ಅವಕಾಶವಿದೆಯೇ? ಮೇಜರ್ (ಓದಿನ ಮುಖ್ಯ ವಿಷಯ) ಬದಲಿಸಿದರೆ ಉಳಿಯುತ್ತದೆಯೇ? ಜಿಪಿಎ 3.0 ಬೇಕು ಎಂದರೆ ಶಾಲೆಯಲ್ಲಿ ಸದಾ ಮೊದಲಿಗನಾಗಿದ್ದವನಿಗೆ ಹಾಸ್ಯವೆನಿಸಬಹುದು. ಇಂಜಿನಿಯರಿಂಗ್‌ನ ಮೊದಲ ವರ್ಷದ ಭೌತಶಾಸ್ತ್ರ ಮತ್ತು ಕ್ಯಾಲ್ಕುಲಸ್ ಮುಗಿದ ಮೇಲೆ ಅದು ಹಾಸ್ಯವಾಗಿ ಉಳಿಯುವುದಿಲ್ಲ.

ತಮ್ಮ ರಾಜ್ಯದಲ್ಲೇ ಉಳಿದವರಿಗೆ ಸಿಗುವ ರಾಜ್ಯ ಸರ್ಕಾರದ ನೆರವನ್ನೂ ತಕ್ಕಡಿಯ ಆ ಕಡೆ ಹಾಕಿ. ಜಾರ್ಜಿಯಾದಲ್ಲಿ ಲಾಟರಿ ಹಣದಿಂದ 1993ರಿಂದ ನಡೆಯುತ್ತಿರುವ ಹೋಪ್ ವಿದ್ಯಾರ್ಥಿವೇತನ, ಅದರ ಮೇಲಿನ ದರ್ಜೆಯ ಝೆಲ್ ಮಿಲ್ಲರ್, ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್ ಇವು ಅಂಕ ಚೆನ್ನಾಗಿರುವ ನಿವಾಸಿಗಳಿಗೆ ಬೋಧನಾ ಶುಲ್ಕದ ಪೂರ್ತಿಯನ್ನೋ ದೊಡ್ಡ ಭಾಗವನ್ನೋ ತುಂಬಿಕೊಡುತ್ತವೆ. ಅಟ್ಲಾಂಟಾದ ಕುಟುಂಬವೊಂದು ಜಾರ್ಜಿಯಾ ಟೆಕ್‌ನಂಥ ಸಂಸ್ಥೆಯ ಸೀಟನ್ನು ಹೋಪ್ ಸಮೇತ ಕೈಯಲ್ಲಿಟ್ಟುಕೊಂಡು, ಅದೇ ವಿಷಯಕ್ಕೆ ಇನ್ನೊಂದು ರಾಜ್ಯಕ್ಕೆ ಪೂರ್ತಿ ಶುಲ್ಕ ಕಟ್ಟಲು ಯೋಚಿಸುತ್ತಿದ್ದರೆ, ಯೋಚಿಸುವುದಕ್ಕೆ ಏನಿದೆ ಎಂದೇ ನಾನು ಕೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ಹೊರರಾಜ್ಯದ ಬೆಲೆಯನ್ನು ಇಳಿಸುವ ದಾರಿಗಳನ್ನು ಹುಡುಕಿ

ಈ ಕೆಲಸ ಅರ್ಜಿ ಹಾಕುವ ಮುಂಚೆ, ಹನ್ನೊಂದನೆಯ ತರಗತಿಯಲ್ಲೇ ಆದರೆ ಒಳ್ಳೆಯದು. ಪಶ್ಚಿಮದ ರಾಜ್ಯಗಳವರಿಗೆ ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್ ಎಂಬ ವ್ಯವಸ್ಥೆಯಿದೆ. ಅದರಡಿ ಬೋಧನಾ ಶುಲ್ಕ ಸ್ಥಳೀಯರ ಶುಲ್ಕದ ಶೇ. 150ನ್ನು ಮೀರುವುದಿಲ್ಲ. ಆದರೆ ಬರ್ಕ್ಲಿ, ಲಾಸ್ ಏಂಜಲಿಸ್‌ನಂಥ ದೊಡ್ಡ ಹೆಸರುಗಳು ಅದರಲ್ಲಿಲ್ಲ, ಸೇರಿದ ಸಂಸ್ಥೆಗಳೂ ಎಲ್ಲ ಮೇಜರ್‌ಗಳಿಗೆ ಅದನ್ನು ಕೊಡುವುದಿಲ್ಲ. ಮಧ್ಯಪಶ್ಚಿಮ ಮತ್ತು ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲೂ ಇಂಥದ್ದೇ ಒಪ್ಪಂದಗಳಿವೆ. ದಕ್ಷಿಣದ ಅಕಾಡೆಮಿಕ್ ಕಾಮನ್ ಮಾರ್ಕೆಟ್, ತಮ್ಮ ರಾಜ್ಯದಲ್ಲಿ ಇಲ್ಲದ ವಿಷಯ ಓದಲು ಹೋಗುವವರಿಗೆ ಮಾತ್ರ. ಮಿನೆಸೋಟ ಮತ್ತು ವಿಸ್ಕಾನ್ಸಿನ್ ನಡುವೆ ಪರಸ್ಪರ ರಿಯಾಯಿತಿ ಇದೆ.

ಟೆಕ್ಸಸ್‌ನ ಒಂದು ಕಾನೂನು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ: ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯ ಸ್ಪರ್ಧೆಯ ಮೂಲಕ ಕನಿಷ್ಠ 1,000 ಡಾಲರ್‌ನ ವಿದ್ಯಾರ್ಥಿವೇತನ ಕೊಟ್ಟರೆ, ಆ ವಿದ್ಯಾರ್ಥಿಗೆ ನಿವಾಸಿ ಶುಲ್ಕವನ್ನೇ ವಿಧಿಸಲು ಸಂಸ್ಥೆಗೆ ಅವಕಾಶವಿದೆ. ಸಣ್ಣ ಮೊತ್ತ ಕಂಡು ಮೂಗು ಮುರಿಯುವ ಮುಂಚೆ ಅದರ ಜೊತೆಗೆ ಈ ರಿಯಾಯಿತಿ ಬರುತ್ತದೆಯೇ ಎಂದು ಕೇಳಿ. ಅಲಬಾಮಾ ವಿಶ್ವವಿದ್ಯಾಲಯ ಅಂಕಗಳ ಆಧಾರದ ಮೇಲೆ ಹೊರರಾಜ್ಯದವರಿಗೆ ದೊಡ್ಡ ವಿದ್ಯಾರ್ಥಿವೇತನ ಕೊಡುವುದಕ್ಕೆ ಹೆಸರಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಮಾತ್ರ ಹೊರರಾಜ್ಯದವರು ಹೆಚ್ಚೇನೂ ನಿರೀಕ್ಷಿಸಬಾರದು.

ಐದನೆಯ ಹೆಜ್ಜೆ: ಸಿಕ್ಕಿರುವುದು ವಿಶ್ವವಿದ್ಯಾಲಯವೋ, ವಿಭಾಗವೋ?

ಹಣದ ನಂತರ ತೂಕವಿರುವ ಪ್ರಶ್ನೆ ಇದೊಂದೇ ಎಂದು ನನ್ನ ಅಭಿಪ್ರಾಯ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. 2026ರ ಪ್ರವೇಶದಿಂದ, ತಮ್ಮ ಶಾಲೆಯ ಮೊದಲ ಶೇ. 5ರಲ್ಲಿ ಬರುವ ಟೆಕ್ಸಸ್ ವಿದ್ಯಾರ್ಥಿಗಳಿಗೆ ಅಲ್ಲಿ ಪ್ರವೇಶ ಖಚಿತ. ಆದರೆ ಖಚಿತವಾಗಿರುವುದು ವಿಶ್ವವಿದ್ಯಾಲಯಕ್ಕೆ ಪ್ರವೇಶ, ಕಂಪ್ಯೂಟರ್ ಸೈನ್ಸ್‌ಗೆ ಅಲ್ಲ. ಟೆಕ್ಸಸ್ ಎ ಅಂಡ್ ಎಂ ಮತ್ತು ಪರ್ಡ್ಯೂಗಳಲ್ಲಿ ಇಂಜಿನಿಯರಿಂಗ್‌ಗೆ ಸೇರಿದವರು ಮೊದಲ ವರ್ಷ ಸಾಮಾನ್ಯ ಪಾಠ ಓದಿ, ಆ ಅಂಕಗಳ ಮೇಲೆ ವಿಭಾಗಕ್ಕೆ ಸ್ಪರ್ಧಿಸಬೇಕು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲೇ ಸಿಗದಿದ್ದರೆ ನಂತರ ಒಳಹೊಕ್ಕುವುದು ಬಹಳ ಕಷ್ಟ. ಇಲಿನಾಯ್‌ನ ಅರ್ಬಾನಾ-ಷಾಂಪೇನ್‌ನಲ್ಲೂ ಪರಿಸ್ಥಿತಿ ಹೆಚ್ಚು ಬೇರೆಯಲ್ಲ.

ಹೀಗಾಗಿ, ಹೆಸರಾಂತ ಹೊರರಾಜ್ಯದ ವಿಶ್ವವಿದ್ಯಾಲಯದಲ್ಲಿ ‘ಇನ್ನೂ ನಿರ್ಧರಿಸಿಲ್ಲ’ ಎಂಬ ಸೀಟು, ತಮ್ಮ ರಾಜ್ಯದ ಎರಡನೆಯ ಸಾಲಿನ ಸಂಸ್ಥೆಯಲ್ಲಿ ಬೇಕಾದ ವಿಭಾಗದ ನೇರ ಸೀಟು ಇವೆರಡರ ನಡುವೆ ಆಯ್ಕೆಯಿದ್ದರೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ. ಇದರ ವಿರುದ್ಧ ಸ್ಥಿತಿಯೂ ಉಂಟು: ತಮ್ಮ ರಾಜ್ಯದಲ್ಲಿ ಬೇಕಾದ ವಿಷಯ ಸಿಗದೆ, ಹೊರಗೆ ಅದೇ ವಿಷಯದ ನೇರ ಸೀಟು ಸಿಕ್ಕಿದ್ದರೆ, ಹೆಚ್ಚಿನ ಹಣಕ್ಕೆ ಒಂದು ಕಾರಣ ಹುಟ್ಟುತ್ತದೆ. ಪರೀಕ್ಷೆ ಸರಳವಾಗಿದೆ. ಹೆಚ್ಚುವರಿಯಾಗಿ ಕಟ್ಟುವ ಹಣ ಏನನ್ನು ಕೊಳ್ಳುತ್ತದೆ ಎಂಬುದನ್ನು ಮಗು ಒಂದೇ ವಾಕ್ಯದಲ್ಲಿ, ವಿಶ್ವವಿದ್ಯಾಲಯದ ಹೆಸರು ಬಳಸದೆ ಬರೆಯಬೇಕು. ‘ಎರಡನೆಯ ವರ್ಷದಿಂದ ಏರೋಸ್ಪೇಸ್ ಪ್ರಯೋಗಾಲಯ, ನಮ್ಮ ರಾಜ್ಯದಲ್ಲಿ ಆ ವಿಭಾಗವೇ ಇಲ್ಲ’ ಎಂಬುದು ವಾಕ್ಯ. ‘ಒಳ್ಳೆಯ ಅವಕಾಶಗಳು’ ಎಂಬುದು ವಾಕ್ಯವಲ್ಲ.

ತಮ್ಮ ರಾಜ್ಯದ ಸಂಸ್ಥೆಯ ಆನರ್ಸ್ ಕಾಲೇಜಿನ ಬಗ್ಗೆಯೂ ಇಲ್ಲಿಯೇ ವಿಚಾರಿಸಿ. ಚಿಕ್ಕ ತರಗತಿ, ಕೋರ್ಸ್ ಆಯ್ಕೆಯಲ್ಲಿ ಮೊದಲ ಸರದಿ ಮುಂತಾದ ಅನುಕೂಲಗಳು ಅನೇಕ ಕಡೆ ಇದರ ಮೂಲಕ ಸಿಗುತ್ತವೆ. ಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದಿ ಗಳಿಸಿದ ಎಪಿ ಮತ್ತು ಡ್ಯುಯಲ್ ಕ್ರೆಡಿಟ್ ಅಂಕಗಳ ಲೆಕ್ಕವೂ ಬೇಕು: ಕಮ್ಯುನಿಟಿ ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್‌ಗಳು ಅದೇ ರಾಜ್ಯದಲ್ಲಿ ಸಲೀಸಾಗಿ ಸಲ್ಲುತ್ತವೆ, ಗಡಿ ದಾಟಿದಾಗ ಕೆಲವು ಬಿದ್ದುಹೋಗಬಹುದು. ಒಂದು ಸೆಮಿಸ್ಟರ್ ಮುಂಚೆ ಪದವಿ ಮುಗಿದರೆ ಉಳಿಯುವುದು ಅರ್ಧ ವರ್ಷದ ಖರ್ಚು.

ಆರನೆಯ ಹೆಜ್ಜೆ: ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮಗುವಿನ ಮುಂದೆಯೇ ಬರೆಯಿರಿ

ನಮ್ಮ ಮನೆಗಳಲ್ಲಿ ‘ನೀನು ಓದು, ದುಡ್ಡಿನ ಚಿಂತೆ ನಮಗಿರಲಿ’ ಎನ್ನುವುದು ವಾಡಿಕೆ. ಪ್ರೀತಿಯ ಮಾತು ನಿಜ, ಆದರೆ 18ರ ಹರೆಯದವನ ಹೆಸರಿನಲ್ಲಿ ಸಾಲ ಎತ್ತುವ ದೇಶದಲ್ಲಿ ಇದು ನಡೆಯುವ ಮಾತಲ್ಲ.

ಮೇಲಿನ ಕುಟುಂಬಕ್ಕೇ ಮರಳೋಣ. ಓದಿನ ಖರ್ಚಿಗೆಂದೇ ತೆರಿಗೆ ರಿಯಾಯಿತಿಯಲ್ಲಿ ಉಳಿಸುವ 529 ಖಾತೆಯಲ್ಲಿ 1,10,000 ಡಾಲರ್ ಇದೆ. ಈ ಹಣವನ್ನು ಯಾವ ರಾಜ್ಯದ ಮಾನ್ಯ ಸಂಸ್ಥೆಯಲ್ಲಾದರೂ ಬಳಸಬಹುದು. ಸಂಬಳದಿಂದ ವರ್ಷಕ್ಕೆ 15,000ದಂತೆ 60,000 ಕೊಡಬಲ್ಲರು. ಒಟ್ಟು 1,70,000. ತಮ್ಮ ರಾಜ್ಯದಲ್ಲಿ ಓದಿದರೆ ಸುಮಾರು 34,000 ಡಾಲರ್ ಉಳಿದು ಮಾಸ್ಟರ್ಸ್‌ಗೋ ತಂಗಿಗೋ ಆಗುತ್ತದೆ. ಹೊರರಾಜ್ಯದಲ್ಲಿ ಸುಮಾರು 62,000 ಡಾಲರ್ ಕೊರತೆ. ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಕೇಂದ್ರದ ನೆರವಿಗೆ ಸಲ್ಲಿಸುವ ಫ್ಯಾಫ್ಸಾ ಅರ್ಜಿಯ ಮೂಲಕ ವಿದ್ಯಾರ್ಥಿಯ ಹೆಸರಿನಲ್ಲಿ ಕೇಂದ್ರದ ಸಾಲ ಪಡೆಯಬಹುದು: ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500, ನಾಲ್ಕು ವರ್ಷಕ್ಕೆ ಒಟ್ಟು 27,000 ಡಾಲರ್. ಉಳಿದ 35,000ಕ್ಕೆ ತಂದೆತಾಯಿಯ ಪೇರೆಂಟ್ ಪ್ಲಸ್ ಸಾಲ. 2025-26ರಲ್ಲಿ ಮೊದಲನೆಯದರ ಬಡ್ಡಿ ಶೇ. 6.39, ಎರಡನೆಯದರದ್ದು ಶೇ. 8.94. ಈ ದರದಲ್ಲಿ ಹತ್ತು ವರ್ಷ ತೀರಿಸುವುದಾದರೆ ಮಗುವಿಗೆ ತಿಂಗಳಿಗೆ ಸುಮಾರು 305, ತಂದೆತಾಯಿಗೆ ಸುಮಾರು 440 ಡಾಲರ್ ಕಂತು; ಓದುವಾಗಲೇ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಪೇರೆಂಟ್ ಪ್ಲಸ್‌ಗೆ 2026ರ ಜುಲೈ 1ರಿಂದ, ಹೊಸದಾಗಿ ಸಾಲ ಪಡೆಯುವವರಿಗೆ, ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್‌ಗಳ ಮಿತಿ ಬಂದಿದೆ. ಇದಕ್ಕೂ ಮೀರಿದರೆ ಖಾಸಗಿ ಸಾಲ. ನಾನಾಗಿದ್ದರೆ ಅಲ್ಲಿಗೆ ಮಾತು ನಿಲ್ಲಿಸಿ ತಮ್ಮ ರಾಜ್ಯದ ಪತ್ರವನ್ನು ಕೈಗೆತ್ತಿಕೊಳ್ಳುತ್ತೇನೆ.

ವೈದ್ಯಕೀಯ ಓದಬೇಕೆಂಬ ಮಗುವಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಇಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆ ಮತ್ತೆ ನಾಲ್ಕು ವರ್ಷದ ಮೆಡಿಕಲ್ ಶಾಲೆ. ಅದೇ 2026ರ ಜುಲೈನಿಂದ ಹೊಸಬರಿಗೆ, ಪದವಿಯ ನಂತರದ ಓದಿಗೆ ಕೇಂದ್ರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲವಿಲ್ಲ. ವೃತ್ತಿ ಪದವಿಗೆ ಕೇಂದ್ರದ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮೀರುವಂತಿಲ್ಲ. ಟೆಕ್ಸಸ್‌ನ ಸರ್ಕಾರಿ ಮೆಡಿಕಲ್ ಶಾಲೆಗಳಲ್ಲಿ ಹೊರರಾಜ್ಯದವರಿಗೆ ಶೇ. 10ರಷ್ಟು ಮಾತ್ರ ಅವಕಾಶ ಎಂಬುದನ್ನು ಗಮನಿಸಿದರೆ, ಪದವಿಯಲ್ಲಿ ಉಳಿಸಿದ ಹಣವನ್ನೂ ನಿವಾಸವನ್ನೂ ಅಲ್ಲಿಯ ಕುಟುಂಬಗಳು ಹಗುರವಾಗಿ ಬಿಟ್ಟುಕೊಡಬಾರದು.

ಏಳನೆಯ ಹೆಜ್ಜೆ: ಒಮ್ಮೆ ಕೇಳಿ, ಒಮ್ಮೆ ನೋಡಿ, ತೀರ್ಮಾನಿಸಿ

ಹೊರರಾಜ್ಯದ ಸೀಟಿನ ಮೇಲೆ ಮನಸ್ಸಿದ್ದು ಹಣದ ಅಂತರ ಸ್ವಲ್ಪವೇ ಉಳಿದಿದ್ದರೆ, ಏಪ್ರಿಲ್ ಮೊದಲ ವಾರದಲ್ಲೇ ಹಣಕಾಸು ನೆರವಿನ ಕಚೇರಿಗೆ ಮರುಪರಿಶೀಲನೆಯ ಪತ್ರ ಬರೆಯಿರಿ. ನೆರವಿನ ಅರ್ಜಿ ತುಂಬಿದ ಮೇಲೆ ಕೆಲಸ ಹೋಗಿದ್ದರೆ, ಊರಿನಲ್ಲಿರುವ ತಂದೆತಾಯಿಯ ಚಿಕಿತ್ಸೆಗೆ ದೊಡ್ಡ ಮೊತ್ತ ಖರ್ಚಾಗಿದ್ದರೆ, ದಾಖಲೆ ಸಹಿತ ತಿಳಿಸಿ. ಚೌಕಾಸಿಯ ಧಾಟಿ ಬೇಡ. ಎಷ್ಟು ಕೊರತೆಯಿದೆ ಎಂಬ ಒಂದು ಅಂಕಿ ಇದ್ದರೆ ಸಾಕು.

ಕ್ಯಾಂಪಸ್ಸಿಗೆ ಹೋಗುವುದಾದರೆ ಪ್ರವಾಸದ ಗುಂಪು ಬಿಟ್ಟು ಆ ವಿಭಾಗದ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಹುಡುಕಿ, ಕಳೆದ ಸೆಮಿಸ್ಟರ್‌ನಲ್ಲಿ ಬೇಕಾದ ಕೋರ್ಸ್ ಸಿಕ್ಕಿತೇ ಎಂದು ಮಗುವೇ ಕೇಳಲಿ. ಸೀಟು ತುಂಬಿ ಕೋರ್ಸ್ ಸಿಗದೆ ಐದನೆಯ ವರ್ಷಕ್ಕೆ ಕಾಲಿಡುವ ದುಬಾರಿತನ ಯಾವ ಪತ್ರದಲ್ಲೂ ಬರೆದಿರುವುದಿಲ್ಲ.

ತೀರ್ಮಾನವಾದ ದಿನವೇ ಒಂದೇ ಕಡೆ ಮುಂಗಡ ಕಟ್ಟಿ, ಉಳಿದವರಿಗೆ ಬರುವುದಿಲ್ಲವೆಂದು ತಿಳಿಸಿ. ಕಾಯುವ ಪಟ್ಟಿಯಲ್ಲಿ ಇನ್ನೊಂದು ಮಗು ಕುಳಿತಿರುತ್ತದೆ. ಹಾಸ್ಟೆಲ್ ಅರ್ಜಿಗೆ ಪ್ರತ್ಯೇಕ ಗಡುವಿರುವುದನ್ನು ನೋಡಿಕೊಳ್ಳಿ. ಓರಿಯೆಂಟೇಷನ್‌ಗೆ ಸಿಗುವ ಮೊದಲ ದಿನಾಂಕವನ್ನೇ ಹಿಡಿಯಿರಿ, ಏಕೆಂದರೆ ಅನೇಕ ಕಡೆ ಮೊದಲ ಸೆಮಿಸ್ಟರ್‌ನ ಕೋರ್ಸ್‌ಗಳ ನೋಂದಣಿ ಆಗುವುದು ಅಲ್ಲಿಯೇ. ಟೆಕ್ಸಸ್‌ಗೆ ಸೇರುವವರು ಮೆನಿಂಜೈಟಿಸ್ ಲಸಿಕೆಯನ್ನು ತರಗತಿ ಆರಂಭಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿ ದಾಖಲೆ ಸಲ್ಲಿಸಬೇಕು.